ಓದುಗರ ಪ್ರಶ್ನೆ, ಮನೋವೈದ್ಯರ ಉತ್ತರ: ಲೈಮ್ ಕಾಯಿಲೆ ಬಿಟ್ಟುಹೋದ ನರ–ಮನಸ್ಸಿನ ತೊಂದರೆಗಳು

ಉಣುಗು ಕಚ್ಚಿ ಹರಡುವ ಲೈಮ್ ನಮ್ಮ ಕರಾವಳಿಯ ಕಾಯಿಲೆಯಲ್ಲ. ಆದರೆ ಅದು ಇರುವ ನಾಡುಗಳಲ್ಲಿ, ಅಂದರೆ ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ, ಜರ್ಮನಿಯಲ್ಲಿ, ಸ್ವೀಡನ್ನಿನಲ್ಲಿ, ಮಂಗಳೂರು–ಉಡುಪಿಯ ಮಕ್ಕಳು ಓದುತ್ತಿದ್ದಾರೆ, ದುಡಿಯುತ್ತಿದ್ದಾರೆ. ಈ ಕಾಯಿಲೆಯ ನಂತರ ಉಳಿಯುವ ತೊಂದರೆಗಳ ಕುರಿತು ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಬರೆದವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬಿಡಲಾಗಿದೆ.

ಪ್ರಶ್ನೆ: ನನ್ನ ಪತಿ ಕನೆಕ್ಟಿಕಟ್‌ನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದರು. ಅಲ್ಲಿ ಒಂದು ಬೇಸಿಗೆಯಲ್ಲಿ ಜ್ವರ ಮತ್ತು ವಿಪರೀತ ತಲೆನೋವು ಬಂದು, ಮುಖದ ಎಡಭಾಗ ಜೋತುಬಿದ್ದಿತು. ಲೈಮ್ ಎಂದು ಗುರುತಿಸಿ ಮೂರು ವಾರ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಮಾತ್ರೆ ಕೊಟ್ಟರು, ಮುಖ ಸರಿಹೋಯಿತು. ಅದಾಗಿ ಒಂದೂವರೆ ವರ್ಷವಾಯಿತು. ಈಗ ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದಾರೆ, ಆದರೆ ಮೊದಲಿನಂತಿಲ್ಲ. ಮಾತಿನ ನಡುವೆ ಪದ ಸಿಗದೆ ನಿಲ್ಲುತ್ತಾರೆ. ಮಿಕ್ಸಿಯ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾರೆ. ಬೆಳಗಿನವರೆಗೆ ಕುಳಿತು ಬಯಲಾಟ ನೋಡುತ್ತಿದ್ದವರಿಗೆ ಚೆಂಡೆಯ ಹತ್ತಿರ ಕಾಲು ಗಂಟೆ ಕೂರಲಾಗುವುದಿಲ್ಲ. ಮಗಳ ಮೇಲೆ ಸಿಡುಕಿ, ಆಮೇಲೆ ಕೋಣೆಯಲ್ಲಿ ಒಬ್ಬರೇ ಅಳುತ್ತಾರೆ. ಎಂಆರ್‌ಐ ಸರಿಯಿದೆ. ಇಲ್ಲಿ ತೋರಿಸಿದ ಒಬ್ಬ ವೈದ್ಯರು "ಇದು ಬರೀ ಮಾನಸಿಕ" ಎಂದು ಕಳುಹಿಸಿದರು. ಮಾವನವರು ಸೋಮಾರಿತನ ಎನ್ನುತ್ತಾರೆ. ಪತಿ ಮಾತ್ರ ಮೆದುಳಿನಲ್ಲಿ ಕ್ರಿಮಿ ಇನ್ನೂ ಇದೆ ಎಂದು ನಂಬಿದ್ದಾರೆ. ಯಾರ ಮಾತು ಸರಿ? ಇವರು ಗುಣವಾಗುತ್ತಾರೆಯೇ?
– ಹೆಸರು ಬೇಡ, ಕುಂದಾಪುರ

ಉತ್ತರ: ನಿಮ್ಮ ಪತಿಯ ತೊಂದರೆ ನಿಜವಾದದ್ದು. ಈ ಮಾತನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ನೀವು ಕೇಳಿಸಿಕೊಂಡ ಮೂರು ಅಭಿಪ್ರಾಯಗಳಲ್ಲಿ ಎರಡು ಅದನ್ನೇ ಅಲ್ಲಗಳೆಯುತ್ತವೆ.

ಲೈಮ್ ಕಾಯಿಲೆಗೆ ಕಾರಣ ಬೊರೇಲಿಯಾ ಬರ್ಗ್‌ಡಾರ್ಫರಿ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾ. 1975ರ ಸುಮಾರಿಗೆ, ನಿಮ್ಮ ಪತಿ ಇದ್ದ ಕನೆಕ್ಟಿಕಟ್ ರಾಜ್ಯದಲ್ಲೇ, ಲೈಮ್ ಎಂಬ ಊರಿನ ಸುತ್ತಮುತ್ತಲ ಮಕ್ಕಳಲ್ಲಿ ಒಟ್ಟೊಟ್ಟಾಗಿ ಕೀಲುಬಾವು ಕಾಣಿಸಿಕೊಂಡಾಗ ವೈದ್ಯರ ಗಮನ ಇತ್ತ ಹರಿಯಿತು. ಉಣುಗಿನ ದೇಹದೊಳಗೆ ಈ ಬ್ಯಾಕ್ಟೀರಿಯಾವನ್ನು ಕಂಡ ವಿಲ್ಲಿ ಬರ್ಗ್‌ಡಾರ್ಫರ್ ಮತ್ತು ಅವರ ಸಂಗಡಿಗರ ವರದಿ ಪ್ರಕಟವಾದದ್ದು 1982ರಲ್ಲಿ. ಉಣುಗು ಕಚ್ಚಿದ ಜಾಗದಿಂದ ಹರಡುತ್ತ ಹೋಗುವ ಕೆಂಪು ಮಚ್ಚೆ ಹೆಚ್ಚಿನವರಲ್ಲಿ ಮೊದಲ ಚಿಹ್ನೆಯಾದರೂ, ಅದು ಬೆನ್ನಿನಲ್ಲೋ ನೆತ್ತಿಯಲ್ಲೋ ಬಂದರೆ ಕಣ್ಣಿಗೆ ಬೀಳದೆ ಹೋಗುತ್ತದೆ. ಸೋಂಕು ನರಮಂಡಲವನ್ನು ಮುಟ್ಟಿದಾಗ ಮುಖದ ನರ ಸೋಲುವುದು, ಮೆದುಳಿನ ಪೊರೆಗೆ ಉರಿಯೂತವಾಗಿ ತಲೆನೋವು ಬರುವುದು, ನರಗಳ ಬುಡದಲ್ಲಿ ರಾತ್ರಿ ಹೊತ್ತು ಹೆಚ್ಚುವ ಚುಚ್ಚು ನೋವು ಏಳುವುದು, ಇವು ಮುಖ್ಯ ಲಕ್ಷಣಗಳು. ಅವರಿಗೆ ಸಿಕ್ಕ ಚಿಕಿತ್ಸೆಯೂ ಸರಿಯಾದದ್ದೇ. ಮೆದುಳು ಅಥವಾ ಬೆನ್ನುಹುರಿಯ ಒಳಭಾಗವೇ ಸೋಂಕಿಗೆ ಸಿಕ್ಕಿದ್ದರೆ ರಕ್ತನಾಳದ ಮೂಲಕ ಸೆಫ್‌ಟ್ರಯಾಕ್ಸೋನ್ ಎಂಬ ಆಂಟಿಬಯೋಟಿಕ್ ಕೊಡಬೇಕಾಗುತ್ತಿತ್ತು. ಉಳಿದ ನರ ಲಕ್ಷಣಗಳಿಗೆ 2ರಿಂದ 3 ವಾರಗಳ ಡಾಕ್ಸಿಸೈಕ್ಲಿನ್ ಸಾಕು ಎಂಬುದು ಅಮೆರಿಕದ ತಜ್ಞ ಸಂಘಗಳು 2020ರಲ್ಲಿ ಕೊಟ್ಟ ಮಾರ್ಗಸೂಚಿಯ ಅಭಿಪ್ರಾಯವೂ ಹೌದು.

ಹೀಗೆ ಸರಿಯಾದ ಚಿಕಿತ್ಸೆ ಪಡೆದವರಲ್ಲೂ ನೂರಕ್ಕೆ 5ರಿಂದ 10 ಮಂದಿಗೆ ದಣಿವು, ಮೈಕೈ ನೋವು, ಮರೆವು, ಯೋಚನೆಯ ಮಂದಗತಿ ಆರು ತಿಂಗಳು ದಾಟಿಯೂ ಉಳಿಯುತ್ತವೆ. ವೈದ್ಯಶಾಸ್ತ್ರ ಇದನ್ನು ಚಿಕಿತ್ಸೋತ್ತರ ಲೈಮ್ ಸಿಂಡ್ರೋಮ್ ಎಂದು ಗುರುತಿಸಿದೆ. ಪದ ಸಿಗದಿರುವುದು, ಒಂದೇ ಹೊತ್ತಿಗೆ ಎರಡು ಕೆಲಸ ಹಿಡಿಯಲಾಗದಿರುವುದು, ಸದ್ದು ಮತ್ತು ಬೆಳಕು ಸಹಿಸಲಾಗದಿರುವುದು, ನಿದ್ದೆ ಮುರಿಯುವುದು, ಕಾರಣವಿಲ್ಲದೆ ಸಿಡುಕು ಬರುವುದು, ಇವೆಲ್ಲ ನೀವು ಬರೆದಂತೆಯೇ ಬೇರೆ ರೋಗಿಗಳೂ ಹೇಳುವ ಲಕ್ಷಣಗಳು. ಸೋಂಕಿನ ಕಾಲದಲ್ಲಿ ಎದ್ದ ಉರಿಯೂತ, ದಾರಿತಪ್ಪಿದ ರೋಗನಿರೋಧಕ ವ್ಯವಸ್ಥೆ, ಹೃದಯದ ಬಡಿತ ಮತ್ತು ರಕ್ತದೊತ್ತಡವನ್ನು ನೋಡಿಕೊಳ್ಳುವ ಸ್ವಯಂಚಾಲಿತ ನರಗಳ ಏರುಪೇರು, ಇವು ಒಬ್ಬೊಬ್ಬರಲ್ಲಿ ಒಂದೊಂದು ಪ್ರಮಾಣದಲ್ಲಿ ಇದಕ್ಕೆ ಕಾರಣವಾಗುತ್ತವೆ ಎಂದು ಸಂಶೋಧಕರು ಭಾವಿಸಿದ್ದಾರೆ. ನೆರೆ ಇಳಿದ ಮೇಲೂ ಗದ್ದೆಯಲ್ಲಿ ಹೂಳು ಉಳಿಯುತ್ತದಲ್ಲವೇ, ಅವರ ಸ್ಥಿತಿ ಹಾಗಿದೆ. ಎಂಆರ್‌ಐ ಇದನ್ನು ತೋರಿಸುವ ಪರೀಕ್ಷೆಯಲ್ಲ. ಅದು ಸರಿಯಿದೆ ಎಂಬುದು ಬೇರೆ ಅಪಾಯಕಾರಿ ಕಾಯಿಲೆಗಳಿಲ್ಲ ಎಂಬುದಕ್ಕೆ ಆಧಾರವೇ ಹೊರತು, ತೊಂದರೆಯೇ ಇಲ್ಲ ಎಂಬುದಕ್ಕಲ್ಲ.

ಇನ್ನು "ಬರೀ ಮಾನಸಿಕ" ಎಂಬ ಮಾತು. ಇದನ್ನು ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. ಖಿನ್ನತೆಯೂ ಆತಂಕವೂ ಈ ಕಾಯಿಲೆಯ ಜೊತೆಗೆ ಬರುವ ನಿಜವಾದ ತೊಂದರೆಗಳು. ಡೆನ್ಮಾರ್ಕ್‌ನಲ್ಲಿ 1994ರಿಂದ 2016ರವರೆಗಿನ ದಾಖಲೆಗಳನ್ನು ಇಟ್ಟುಕೊಂಡು, ಸುಮಾರು 70 ಲಕ್ಷ ಜನರ ನಡುವೆ ನಡೆಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯಲ್ಲಿ ಲೈಮ್ ಎಂದು ಗುರುತಿಸಲ್ಪಟ್ಟವರಲ್ಲಿ ಮಾನಸಿಕ ಕಾಯಿಲೆಗಳ ಪ್ರಮಾಣ ಉಳಿದವರಿಗಿಂತ ಶೇ 28ರಷ್ಟು ಹೆಚ್ಚಿತ್ತು. ಆತ್ಮಹತ್ಯೆಯ ಪ್ರಯತ್ನ ಎರಡು ಪಟ್ಟಿತ್ತು. ಗಾಬರಿಯಾಗಬೇಡಿ, ಅವರಲ್ಲಿ ಬಹುಪಾಲು ಜನರಿಗೆ ಇದು ಯಾವುದೂ ಆಗಲಿಲ್ಲ. ಆದರೆ ನಿಮ್ಮ ಪತಿ ಒಬ್ಬರೇ ಕುಳಿತು ಅಳುತ್ತಾರೆ ಎಂದು ಬರೆದಿದ್ದೀರಿ. ಒಂದು ಸಮಾಧಾನದ ಹೊತ್ತು ನೋಡಿ, "ಬದುಕುವುದೇ ಬೇಡ ಅನಿಸುತ್ತದೆಯಾ?" ಎಂದು ನೇರವಾಗಿ ಕೇಳಿ. ಹಾಗೆ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ರಾತ್ರಿ ಹಗಲೆನ್ನದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಚಿಕಿತ್ಸೆಯ ವಿಚಾರ. ಎಲ್ಲವನ್ನೂ ಲೈಮ್‌ನ ತಲೆಗೆ ಕಟ್ಟುವ ಮೊದಲು ಥೈರಾಯ್ಡ್, ರಕ್ತಹೀನತೆ, ಸಕ್ಕರೆ, ಬಿ12 ಜೀವಸತ್ವ ಇವುಗಳನ್ನು ಪರೀಕ್ಷಿಸಿ. ನೀವು ಸಸ್ಯಾಹಾರಿಗಳಾಗಿದ್ದರೆ ಬಿ12 ಪರೀಕ್ಷೆಯನ್ನು ಬಿಡಲೇಬೇಡಿ, ಏಕೆಂದರೆ ಅದರ ಕೊರತೆಯೊಂದೇ ಮರೆವು, ಸಿಡುಕು, ಕೈಕಾಲು ಜೋಮು ಎಲ್ಲವನ್ನೂ ತರಬಲ್ಲದು. ಜೋರಾಗಿ ಗೊರಕೆ ಹೊಡೆಯುತ್ತಾರಾದರೆ ನಿದ್ದೆಯಲ್ಲಿ ಉಸಿರುಗಟ್ಟುವ ತೊಂದರೆ ಇದೆಯೇ ಎಂದು ನೋಡಿಸಿ. ಆಮೇಲೆ ಒಬ್ಬ ನರರೋಗ ತಜ್ಞರೂ ಒಬ್ಬ ಮನೋವೈದ್ಯರೂ ಸೇರಿ ನೋಡುವಂತಾದರೆ ಒಳ್ಳೆಯದು. ಮಣಿಪಾಲ, ಮಂಗಳೂರುಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಎರಡೂ ವಿಭಾಗಗಳು ಒಂದೇ ಕಡೆ ಸಿಗುತ್ತವೆ. ನೆನಪು, ಗಮನ, ಯೋಚನೆಯ ವೇಗ ಇವನ್ನು ಅಳೆಯುವ ನರಮನೋವೈಜ್ಞಾನಿಕ ಪರೀಕ್ಷೆ ಮಾಡಿಸಿದರೆ ಯಾವುದು ಕುಂದಿದೆ, ಯಾವುದು ಗಟ್ಟಿಯಿದೆ ಎಂಬುದು ಕಾಗದದ ಮೇಲೆ ಬರುತ್ತದೆ. ಮಾವನವರಿಗೆ ತೋರಿಸಲೂ ಕಂಪನಿಗೆ ಕೊಡಲೂ ಅಂಥ ಒಂದು ಕಾಗದ ಬೇಕಾಗುತ್ತದೆ.

ಖಿನ್ನತೆ ನಿವಾರಕ ಮಾತ್ರೆಗಳಿಗೆ ಹಿಂಜರಿಯಬೇಡಿ. ನೋವು ಮತ್ತು ಖಿನ್ನತೆ ಎರಡೂ ಇದ್ದರೆ ಡುಲೋಕ್ಸೆಟಿನ್‌ನಂಥ ಮಾತ್ರೆ ಎರಡಕ್ಕೂ ಒದಗುತ್ತದೆ. ಪೂರ್ಣ ಫಲ ಕಾಣಲು ಕೆಲವು ವಾರ ಬೇಕು. ಆದರೆ ಮಾತ್ರೆಯಷ್ಟೇ ಮುಖ್ಯವಾದದ್ದು ದಿನವನ್ನು ಕಟ್ಟುವ ರೀತಿ. ಮೈ ಹಗುರವೆನಿಸಿದ ದಿನ ಬಾಕಿ ಕೆಲಸವನ್ನೆಲ್ಲ ಎಳೆದುಕೊಂಡು, ಮರುದಿನದಿಂದ ಮೂರು ದಿನ ಮಲಗುವುದು ಈ ರೋಗಿಗಳ ಸಾಮಾನ್ಯ ಅಭ್ಯಾಸ. ಇದನ್ನು ಮುರಿಯಬೇಕು. ಒಳ್ಳೆಯ ದಿನವೂ ಕೆಟ್ಟ ದಿನವೂ ಹೆಚ್ಚುಕಡಿಮೆ ಒಂದೇ ಅಳತೆಯ ಕೆಲಸ, ಒಂದೇ ಹೊತ್ತಿಗೆ ನಿದ್ದೆ, ಒಂದೇ ದೂರದ ನಡಿಗೆ ಇರಲಿ. ಎರಡು ವಾರ ಅದು ಸಲೀಸಾಗಿ ನಡೆದರೆ ಸ್ವಲ್ಪ ಏರಿಸಿ. ಮೆದುಳು ಚುರುಕಾಗಿರುವ ಹೊತ್ತು ಸಾಮಾನ್ಯವಾಗಿ ಬೆಳಗ್ಗೆ. ಕಷ್ಟದ ಕೋಡಿಂಗ್ ಆಗಲೇ ಆಗಲಿ, ಮೀಟಿಂಗ್‌ಗಳು ಮಧ್ಯಾಹ್ನಕ್ಕೆ ಹೋಗಲಿ. ನೆನಪಿನ ಮೇಲೆ ಭಾರ ಹಾಕದೆ ಎಲ್ಲವನ್ನೂ ಒಂದೇ ಪುಸ್ತಕದಲ್ಲಿ ಬರೆದಿಡಲಿ. ಮಿಕ್ಸಿ ಹಾಕುವ ಮೊದಲು ಅವರಿಗೊಂದು ಮಾತು ಹೇಳಿ. ಚೆಂಡೆಯನ್ನು ಶಾಶ್ವತವಾಗಿ ಬಿಡಬೇಕಾಗಿಲ್ಲ. ರಂಗಸ್ಥಳದಿಂದ ದೂರ, ಹಿಂದಿನ ಸಾಲಿನಲ್ಲಿ, ಒಂದು ಪ್ರಸಂಗದ ಅರ್ಧ ಗಂಟೆಯಿಂದ ಮತ್ತೆ ಆರಂಭಿಸಬಹುದು. ಸದ್ದಿನಿಂದ ಪೂರ್ತಿ ಓಡಿಹೋದಷ್ಟೂ ಕಿವಿ ಇನ್ನಷ್ಟು ಸೂಕ್ಷ್ಮವಾಗುತ್ತದೆ.

ಮಗಳಿಗೆ ಅಪ್ಪನ ಸಿಡುಕಿನ ಕಾರಣವನ್ನು ಹೇಳಿ. "ಅಪ್ಪನಿಗೆ ಹುಷಾರಿಲ್ಲ, ನಿನ್ನ ತಪ್ಪಲ್ಲ" ಎಂಬಷ್ಟು ಸಾಕು. ಮಕ್ಕಳು ಹೇಳದೆ ಬಿಟ್ಟ ಜಾಗವನ್ನು ತಮ್ಮ ತಪ್ಪಿನಿಂದ ತುಂಬಿಕೊಳ್ಳುತ್ತಾರೆ. ಗುಣವಾಗುತ್ತಾರೆಯೇ ಎಂದು ಕೇಳಿದ್ದೀರಿ. ಹೆಚ್ಚಿನವರು ಕಾಲ ಕಳೆದಂತೆ ಚೇತರಿಸಿಕೊಳ್ಳುತ್ತಾರೆ. ಅದಕ್ಕೆ ತಿಂಗಳುಗಳು ಹಿಡಿಯಬಹುದು, ನಡುವೆ ಹಿಂದೆ ಸರಿದಂತೆಯೂ ಕಾಣಬಹುದು. ಹಿಂದೆ ಸರಿದ ವಾರವನ್ನು ಕಾಯಿಲೆ ಮರುಕಳಿಸಿತು ಎಂದು ಓದಬೇಡಿ.

ಪ್ರಶ್ನೆ: ನನಗೂ ಅಮೆರಿಕದಲ್ಲಿ ಲೈಮ್ ಆಗಿ, ಚಿಕಿತ್ಸೆಯಾಗಿ, ಈಗ ತಲೆಯಲ್ಲಿ ಮಂಜು ಕವಿದಂತಿದೆ. ವಿದೇಶದ ಒಂದು ಖಾಸಗಿ ಚಿಕಿತ್ಸಾಲಯ ಆರು ತಿಂಗಳು ಎದೆಯ ರಕ್ತನಾಳಕ್ಕೆ ನಳಿಕೆ ಹಾಕಿ ಆಂಟಿಬಯೋಟಿಕ್ ಕೊಟ್ಟರೆ ಗುಣವಾಗುತ್ತದೆ ಎನ್ನುತ್ತಿದೆ. ಚಿಕಿತ್ಸೆಯ ನಡುವೆ ಬಳಲಿಕೆ ಹೆಚ್ಚಾದರೆ ಅದು ಕ್ರಿಮಿ ಸಾಯುತ್ತಿರುವ ಗುರುತಂತೆ. ಅಪ್ಪ ಸುರತ್ಕಲ್ಲಿನ ಸೈಟು ಮಾರಲು ಸಿದ್ಧರಿದ್ದಾರೆ. ಹೋಗಲೇ?
– ಓದುಗ, 29 ವರ್ಷ, ಮಂಗಳೂರು

ಉತ್ತರ: ಹೋಗಬೇಡಿ. ಸೈಟನ್ನು ಮಾರಬೇಡಿ ಎಂದು ನಿಮ್ಮ ತಂದೆಯವರಿಗೂ ಈ ಅಂಕಣವನ್ನು ಓದಿ ಹೇಳಿ.

ಈ ಪ್ರಶ್ನೆಯನ್ನು ವೈದ್ಯರು ಹಗುರವಾಗಿ ತಳ್ಳಿಹಾಕಿಲ್ಲ. 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 30 ದಿನ ರಕ್ತನಾಳದ ಮೂಲಕ ಸೆಫ್‌ಟ್ರಯಾಕ್ಸೋನ್, ಅನಂತರ 60 ದಿನ ಡಾಕ್ಸಿಸೈಕ್ಲಿನ್ ಕೊಟ್ಟು, ಇನ್ನೊಂದು ಗುಂಪಿಗೆ ಔಷಧವಿಲ್ಲದ ಹುಸಿಮದ್ದು ಕೊಟ್ಟು ಹೋಲಿಸಿದರು; ಎರಡೂ ಗುಂಪು ಸಮಾನವಾಗಿದ್ದವು. 2008ರಲ್ಲಿ, ನಿಮ್ಮಂತೆಯೇ ನೆನಪಿನ ತೊಂದರೆ ಇದ್ದವರಿಗೆ ಬ್ರಯಾನ್ ಫ್ಯಾಲನ್ ಅವರ ತಂಡ 10 ವಾರ ಸೆಫ್‌ಟ್ರಯಾಕ್ಸೋನ್ ಕೊಟ್ಟಿತು. 12ನೇ ವಾರದಲ್ಲಿ ಯೋಚನಾಶಕ್ತಿ ತುಸು ಸುಧಾರಿಸಿದಂತೆ ಕಂಡರೂ, 24ನೇ ವಾರಕ್ಕೆ ಆ ವ್ಯತ್ಯಾಸ ಉಳಿಯಲಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ 12 ವಾರಗಳ ಹೆಚ್ಚುವರಿ ಮಾತ್ರೆಗಳಿಂದ ಜೀವನದ ಗುಣಮಟ್ಟ ಹೆಚ್ಚಲಿಲ್ಲ. ಇದಕ್ಕೆ ಪ್ರತಿಯಾಗಿ ಅಪಾಯಗಳು ಚಿಕ್ಕವಲ್ಲ: ನಳಿಕೆಯ ಮೂಲಕ ರಕ್ತಕ್ಕೆ ನಂಜೇರುವುದು, ರಕ್ತ ಹೆಪ್ಪುಗಟ್ಟುವುದು, ಸೆಫ್‌ಟ್ರಯಾಕ್ಸೋನ್‌ನಿಂದ ಪಿತ್ತಕೋಶದಲ್ಲಿ ಕಲ್ಲಾಗುವುದು, ಕರುಳಿನಲ್ಲಿ ತೀವ್ರ ಭೇದಿಯ ಸೋಂಕು. ಇಂಥ ದೀರ್ಘ ಚಿಕಿತ್ಸೆಯಲ್ಲಿ ರೋಗಿಗಳು ಸತ್ತದ್ದೂ ದಾಖಲಾಗಿದೆ.

ಬಳಲಿಕೆಯೇ ಕ್ರಿಮಿ ಸಾಯುವ ಗುರುತು ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ, ಆದ್ದರಿಂದಲೇ ಅದು ಹೆಚ್ಚು ಅಪಾಯಕಾರಿ. ಸುರುಳಿ ಬ್ಯಾಕ್ಟೀರಿಯಾಗಳಿಗೆ ಮದ್ದು ಕೊಟ್ಟಾಗ ಜ್ವರ, ಚಳಿ, ಬಳಲಿಕೆ ಏರುವುದುಂಟು. ಆದರೆ ಅದು ಮೊದಲ ಚಿಕಿತ್ಸೆಯ ಮೊದಲ ಒಂದೆರಡು ದಿನಗಳ ಮಾತು. ಮೂರನೇ ತಿಂಗಳಲ್ಲಿ ಬಳಲಿಕೆ ಹೆಚ್ಚಾದರೆ ಅದಕ್ಕೆ ಔಷಧದ ಅಡ್ಡಪರಿಣಾಮವನ್ನೋ ಹೊಸ ಸೋಂಕನ್ನೋ ಹುಡುಕಬೇಕು. ಚೇತರಿಸಿದರೂ ಚಿಕಿತ್ಸೆ ಸರಿ, ಹದಗೆಟ್ಟರೂ ಚಿಕಿತ್ಸೆ ಸರಿ ಎನ್ನುವವರ ಕೈಗೆ ನಿಮ್ಮ ರಕ್ತನಾಳವನ್ನು ಒಪ್ಪಿಸಬೇಡಿ. ಮೇಲಿನ ಉತ್ತರದಲ್ಲಿ ಕುಂದಾಪುರದ ಸಹೋದರಿಗೆ ಹೇಳಿದ ಕ್ರಮ ನಿಮಗೂ ಅನ್ವಯಿಸುತ್ತದೆ. ನಿಂತಾಗ ಎದೆಬಡಿತ ಏರಿ ತಲೆ ತಿರುಗುತ್ತದೆಯೇ ಎಂಬುದನ್ನು ನಿಮ್ಮ ವೈದ್ಯರಿಗೆ ಬೇರೆಯಾಗಿ ತಿಳಿಸಿ. ಅದಕ್ಕೆ ಪ್ರತ್ಯೇಕ ಚಿಕಿತ್ಸೆಯಿದೆ, ಅದು ಸರಿಹೋದರೆ ತಲೆಯ ಮಂಜೂ ಎಷ್ಟೋ ಕಡಿಮೆಯಾಗುತ್ತದೆ.

ಪ್ರಶ್ನೆ: ನಾನು ಅಡಿಕೆ ಕೃಷಿಕ, ವಿದೇಶಕ್ಕೆ ಹೋದವನಲ್ಲ. ಹೋದ ಮಳೆಗಾಲದಲ್ಲಿ ಇಲಿಜ್ವರವಾಗಿ ಆಸ್ಪತ್ರೆ ಸೇರಿದ್ದೆ. ಅದಾದ ಮೇಲೆ ನಿದ್ದೆಯಿಲ್ಲ, ಯಾವುದರಲ್ಲೂ ಆಸಕ್ತಿಯಿಲ್ಲ, ಸಾಲದ ಯೋಚನೆ ಬೇರೆ. ಮೊಬೈಲಿನಲ್ಲಿ ಲೈಮ್ ಬಗ್ಗೆ ನೋಡಿ, ಖಾಸಗಿ ಲ್ಯಾಬಿನಲ್ಲಿ ರಕ್ತ ಕೊಟ್ಟೆ. ಐಜಿಎಂ ಪಾಸಿಟಿವ್ ಬಂದಿದೆ. ತೋಟದಲ್ಲಿ ಉಣುಗು ಕಚ್ಚುವುದು ಮಾಮೂಲು. ನನ್ನ ಖಿನ್ನತೆಗೆ ಇದೇ ಕಾರಣವೇ?
– ಓದುಗ, ಕಾರ್ಕಳ ತಾಲ್ಲೂಕು

ಉತ್ತರ: ಆಗಿರುವ ಸಾಧ್ಯತೆ ತೀರಾ ಕಡಿಮೆ. ಇಲಿಜ್ವರ ತರುವ ಲೆಪ್ಟೋಸ್ಪೈರಾ ಮತ್ತು ಲೈಮ್‌ನ ಬೊರೇಲಿಯಾ ಎರಡೂ ಸುರುಳಿ ಬ್ಯಾಕ್ಟೀರಿಯಾಗಳ ಒಂದೇ ಬಳಗದವು. ಒಂದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯ ಇನ್ನೊಂದರ ಪರೀಕ್ಷೆಯಲ್ಲೂ ಪಾಸಿಟಿವ್ ತೋರಿಸಬಲ್ಲದು. ಅಲ್ಲದೆ ಲೈಮ್ ಪರೀಕ್ಷೆ ಎರಡು ಹಂತದ್ದು: ಮೊದಲನೆಯದು ಪಾಸಿಟಿವ್ ಬಂದರೆ ಎರಡನೆಯದರಿಂದ ದೃಢಪಡಿಸಬೇಕು. ತೊಂದರೆ ಶುರುವಾಗಿ ಒಂದೂವರೆ ತಿಂಗಳು ಕಳೆದ ಮೇಲೆ ಸೋಂಕಿನ ಆರಂಭದಲ್ಲಿ ಏಳುವ ಪ್ರತಿಕಾಯವಾದ ಐಜಿಎಂ ಒಂದೇ ಪಾಸಿಟಿವ್ ಇದ್ದರೆ ಅದಕ್ಕೆ ಬೆಲೆಯಿಲ್ಲ. ಖಿನ್ನತೆಯಂಥ ಮಾನಸಿಕ ಕಾಯಿಲೆ ಇರುವವರಿಗೆಲ್ಲ ಲೈಮ್ ಪರೀಕ್ಷೆ ಮಾಡಬೇಡಿ ಎಂದು 2020ರ ಅದೇ ಮಾರ್ಗಸೂಚಿ ಹೇಳುವುದು ಇಂಥ ಗೊಂದಲ ಬೇಡವೆಂದೇ.

ನಮ್ಮ ಕಾಡಂಚಿನ ಉಣುಗಿನಿಂದ ನಾವು ನಿಜವಾಗಿ ಹೆದರಬೇಕಾದದ್ದು ಮಂಗನ ಕಾಯಿಲೆಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಅದು 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ಕಡೆ ಜೋರಾಗಿ ಹರಡಿತ್ತು. ಅದು ವೈರಸ್, ಕೆಲವರಲ್ಲಿ ಜ್ವರ ಇಳಿದು ಒಂದೆರಡು ವಾರದ ಮೇಲೆ ಮತ್ತೆ ಏರಿ, ತಲೆನೋವು, ನಡುಕ, ಗೊಂದಲ ತರುತ್ತದೆ. ನಿಮ್ಮ ಲಕ್ಷಣಗಳು ಹಾಗಿಲ್ಲ.

ನಿಮಗಿರುವುದು ಖಿನ್ನತೆ. ತೀವ್ರ ಸೋಂಕಿನ ನಂತರ ಖಿನ್ನತೆ ಬರುವುದು ಅಪರೂಪವಲ್ಲ, ಸಾಲದ ಚಿಂತೆ ಅದಕ್ಕೆ ಇಂಬು ಕೊಟ್ಟಿರಬಹುದು. ಲೈಮ್ ಎಂಬ ಹೆಸರು ಇಲ್ಲದಿದ್ದರೂ ಅದಕ್ಕೆ ಚಿಕಿತ್ಸೆ ಪಡೆಯುವ ಹಕ್ಕು ನಿಮಗಿದೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ದಿನವನ್ನು ವಿಚಾರಿಸಿಕೊಂಡು ಇದೇ ವಾರ ಹೋಗಿ, ಇಲಿಜ್ವರದ ಬಿಡುಗಡೆ ಚೀಟಿಯನ್ನೂ ಕೊಂಡುಹೋಗಿ.

ಪ್ರಶ್ನೆ: ಮಗಳು ಎಂಎಸ್ ಮಾಡಲು ಜರ್ಮನಿಗೆ ಹೊರಟಿದ್ದಾಳೆ. ಏನು ಜಾಗ್ರತೆ?
– ಓದುಗರು, ಮಣಿಪಾಲ

ಉತ್ತರ: ಬೇಸಿಗೆಯಲ್ಲಿ ಹುಲ್ಲು, ಕಾಡುದಾರಿಗಳಲ್ಲಿ ಓಡಾಡಿ ಬಂದ ದಿನ ಮೊಣಕಾಲ ಹಿಂಭಾಗ, ತೊಡೆಸಂದು, ಕಂಕುಳು, ನೆತ್ತಿಯನ್ನು ನೋಡಿಕೊಳ್ಳಲಿ, ಮರಿ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತದೆ. ಕಚ್ಚಿಕೊಂಡಿದ್ದರೆ ಚೂಪು ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಮೇಲಕ್ಕೆ ಎಳೆಯಬೇಕು. ಸುಣ್ಣ, ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಬೇಗ ಕಿತ್ತಷ್ಟೂ ಸೋಂಕಿನ ಸಾಧ್ಯತೆ ಕಡಿಮೆ. ಮಚ್ಚೆ ಹರಡಿದರೆ, ಮುಖ ಸೊಟ್ಟಗಾದರೆ ಅಲ್ಲಿಯೇ ವೈದ್ಯರನ್ನು ಕಾಣಲಿ. ರಜೆಗೆ ಊರಿಗೆ ಬಂದಾಗ ಹೀಗಾದರೆ "ನಾನು ಜರ್ಮನಿಯಿಂದ ಬಂದವಳು" ಎಂದು ಇಲ್ಲಿನ ವೈದ್ಯರಿಗೆ ತಾನಾಗಿ ಹೇಳಲಿ, ಏಕೆಂದರೆ ಇಲ್ಲಿ ಲೈಮ್ ಯಾರ ನೆನಪಿಗೂ ಮೊದಲು ಬರುವುದಿಲ್ಲ.

ಪ್ರಶ್ನೆ: ಮಗನಿಗೆ ಮ್ಯಾಸಚೂಸೆಟ್ಸ್‌ನಲ್ಲಿ ಲೈಮ್ ಆಗಿತ್ತು. ಊರಿಗೆ ಬಂದ ಮೇಲೆ ಎದೆ ಹೊಡೆದುಕೊಳ್ಳುವುದು, ಬಸ್ಸು ಹತ್ತಲು ಹೆದರಿಕೆ. ಮನೋವೈದ್ಯರು ಎಸ್‌ಸಿಟಾಲೋಪ್ರಾಮ್ ಕೊಟ್ಟು ಎರಡು ತಿಂಗಳಲ್ಲಿ ಸುಮಾರು ಗುಣವಾಗಿತ್ತು. ನಡುವೆ ಪ್ರಶ್ನೆ ಇಡಿಸಿದಾಗ ನಾಗದೋಷ ಎಂದು ಕಂಡಿತು. ಪರಿಹಾರ ಮುಗಿಯುವವರೆಗೆ ಮಾತ್ರೆ ಬೇಡವೆಂದು ಮನೆಯ ಹಿರಿಯರು ಹೇಳಿದ್ದಕ್ಕೆ ನಿಲ್ಲಿಸಿದೆವು. ಈಗ ತಲೆ ತಿರುಗುತ್ತದೆ, ಮೊದಲಿಗಿಂತ ಹೆಚ್ಚು ಹೆದರುತ್ತಾನೆ. ಹೆಣ್ಣು ನೋಡುವ ಮಾತೂ ನಡೆದಿದೆ. ಆ ಮನೆಯವರಿಗೆ ಹೇಳಬೇಕೇ?
– ಒಬ್ಬ ತಾಯಿ, ಉಡುಪಿ

ಉತ್ತರ: ಅಮ್ಮ, ಆಶ್ಲೇಷಾ ಬಲಿ, ತಂಬಿಲ ಮಾಡಿಸುವುದು ನಿಮ್ಮ ಶ್ರದ್ಧೆ. ಅದರಿಂದ ಮಗನಿಗೂ ಧೈರ್ಯ ಬರುವುದಾದರೆ ಮಾಡಿಸಿ, ನನ್ನ ಅಡ್ಡಿಯಿಲ್ಲ. ಆದರೆ ಮಾತ್ರೆ ಆಗಲೂ ನಡೆಯಬೇಕು. ಎಸ್‌ಸಿಟಾಲೋಪ್ರಾಮ್‌ನಂಥ ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದಾಗ ತಲೆಸುತ್ತು, ಕಿರಿಕಿರಿ, ಆತಂಕ ಬರುತ್ತವೆ. ಈಗ ಕಾಣುತ್ತಿರುವುದರಲ್ಲಿ ಒಂದು ಪಾಲು ಅದೇ ಇರಬಹುದು. ನೀವಾಗಿಯೇ ಹಳೆಯ ಪ್ರಮಾಣದಲ್ಲಿ ಮತ್ತೆ ಆರಂಭಿಸದೆ, ಕೊಟ್ಟ ವೈದ್ಯರನ್ನೇ ನಾಳೆ ಕಾಣಿರಿ, ನಿಲ್ಲಿಸಿದ ದಿನವನ್ನು ಮುಚ್ಚಿಡದೆ ಹೇಳಿ. ಅವರು ಬೈಯುತ್ತಾರೆಂಬ ಅಳುಕು ಬೇಡ. ಗುಣವಾದ ಮೇಲೂ ಈ ಮಾತ್ರೆಯನ್ನು ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ಮುಂದುವರಿಸಿ, ಆಮೇಲೆ ನಿಧಾನವಾಗಿ ಇಳಿಸುತ್ತಾರೆ.

ಒಂದು ವಿಷಯವನ್ನು ಗಮನಿಸಿ. ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆ, ಯಾರಿಗೂ ಕೇಳದ ದನಿ ತನಗೆ ಕೇಳುತ್ತದೆ ಎಂದು ಮಗ ಹೇಳಿದರೆ ಅದು ಆತಂಕವಲ್ಲ, ಬೇರೆ ಕಾಯಿಲೆ; ಲೈಮ್ ಆದವರಲ್ಲಿ ಅಪರೂಪವಾದರೂ ತಡಮಾಡದೆ ತೋರಿಸಬೇಕಾದದ್ದು. ದೋಷ ಎಂಬ ಮಾತು ಮನೆಯಲ್ಲಿ ಎದ್ದಾಗ, ಅದು ಯಾರಿಂದ ಬಂತು, ಯಾವ ತಲೆಮಾರಿನ ತಪ್ಪು ಎಂಬ ಚರ್ಚೆ ಅವನ ಎದುರು ನಡೆಯದಂತೆ ನೋಡಿಕೊಳ್ಳಿ. ತನ್ನಿಂದ ಮನೆಗೆ ಖರ್ಚು, ತನ್ನಿಂದ ಮನೆಗೆ ಕಷ್ಟ ಎಂಬ ಭಾವನೆ ಆತಂಕಕ್ಕೆ ಖಿನ್ನತೆಯನ್ನೂ ಸೇರಿಸುತ್ತದೆ.

ಮದುವೆಯ ಮಾತನ್ನು ಅವನು ಚೇತರಿಸಿಕೊಳ್ಳುವವರೆಗೆ ಮುಂದೂಡಿ, ಆಮೇಲೂ ಅವನ ಒಪ್ಪಿಗೆ ಕೇಳಿಯೇ ಮುಂದುವರಿಯಿರಿ. ಹೆಣ್ಣಿನ ಮನೆಯವರಿಗೆ ಹೇಳಬೇಕು. ಹುಡುಗಿಗೆ ಅವನೇ ಹೇಳಿದರೆ ಇನ್ನೂ ಒಳ್ಳೆಯದು: ಅಮೆರಿಕದಲ್ಲಿ ಈ ಕಾಯಿಲೆಯಾಯಿತು, ಇದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಆತಂಕಕ್ಕೆ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ ಎಂದು. ಅವರಿಗೆ ಸಂಶಯಗಳಿದ್ದರೆ, ಮಗನ ಒಪ್ಪಿಗೆಯಿದ್ದಲ್ಲಿ, ಅವರನ್ನೂ ಕರೆದುಕೊಂಡು ವೈದ್ಯರ ಬಳಿಗೆ ಒಮ್ಮೆ ಹೋಗಿ ಬನ್ನಿ.